ಗೋಡಿಗೆ ಹೊಡಿಯೋ ಹುಡುಗಿ

ಸ್ಕ್ವಾಶ್ ಆಡುವುದು ನನ್ನ ಕೆಲಸ. ಈ ಒಂದು ಮಾತನ್ನು ವಿಜಯಪುರದಲ್ಲಿ ಯಾರ ಮುಂದೆ ಹೇಳಿದರೂ ಸುಮ್ಮನೆ ಮುಗಿಯುವುದಿಲ್ಲ, ಏನಾದರೊಂದು ಆಗೇ ಆಗುತ್ತದೆ. ಆಟೋದವರು ಬ್ರೇಕ್ ಹಾಕಿ ಹಿಂದಕ್ಕೆ ತಿರುಗಿ ನೋಡುತ್ತಾರೆ. ಮದುವೆ ಮನೆಯಲ್ಲಿ ಪರಿಚಯ ಕೇಳಿದ ಅಜ್ಜಿಯರು, "ಅದಿರಲಿ, ನೌಕರಿ ಎಲ್ಲಿ ಮಾಡ್ತಿ?" ಎನ್ನುತ್ತಾರೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾಲ್ಕು ಗೋಡೆಯ ಒಂದು ಕೋಣೆ. ಒಳಗೆ ಇಬ್ಬರು. ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಂತು, ಒಂದು ಪುಟ್ಟ ರಬ್ಬರ್ ಚೆಂಡನ್ನು ಸರದಿಯಂತೆ ಎದುರಿನ ಗೋಡೆಗೆ ಹೊಡೆಯಬೇಕು. ಅಷ್ಟೇ ಆಟ. ಬಬಲೇಶ್ವರದಲ್ಲಿರುವ ನನ್ನ ಆಯಿಗೆ, ಅಂದರೆ ಅವ್ವನ ತಾಯಿಗೆ, ಮೊದಲ ಸಲ ಇದನ್ನು ವಿವರಿಸಿದಾಗ ಆಕೆ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು:

"ಅಲ್ಲಬೇ, ಆ ಗೋಡಿ ನಿಮಗೇನ್ ಮಾಡೇತಿ?"



ಮಾವಿಂದೋ, ನಿಂಬೀದೋ

ಇದೆಲ್ಲ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಜಲನಗರದ ನಮ್ಮ ಓಣಿಯಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬರಿದ್ದರು. ಓಣಿಗೆಲ್ಲ ಅವರು ಸರ್. ಸೈನ್ಯದಲ್ಲಿದ್ದಾಗ ಸ್ಕ್ವಾಶ್ ಆಡಿ ಆಡಿ ಮೊಣಕಾಲು ಸವೆಸಿಕೊಂಡಿದ್ದರು. ನಾನು ಕಂಪೌಂಡ್ ಗೋಡೆಗೆ ಟೆನಿಸ್ ಚೆಂಡು ಬಡಿಯುವುದನ್ನು ಕೆಲವು ದಿನ ನಿಂತು ನೋಡಿದ ಅವರು ಒಂದು ಬೆಳಿಗ್ಗೆ ಮನೆಗೆ ಬಂದು ಅಪ್ಪನಿಗೆ, "ಹುಡಿಗಿ ಕೈ ಛಲೋ ಐತ್ರಿ. ನಾ ಸ್ಕ್ವಾಶ್ ಕಲಸ್ತೀನಿ" ಎಂದರು.

"ಅದಕ್ಕ ಏನೇನ್ ಬೇಕ್ರಿ ಸರ್?" ಎಂದ ಅಪ್ಪ.

"ರ‍್ಯಾಕೆಟ್ ನನ್ನ ಕಡೆ ಹಳೇದೈತಿ. ಒಂದು ಸ್ಕ್ವಾಶ್ ಬಾಲ್ ಸಿಕ್ಕರ ತಗೊಂಡ ಬರ್ರಿ. ನಿಂಬೀಹಣ್ಣಿನಷ್ಟು ಇರ್ತೈತಿ."

ನನ್ನಪ್ಪನ ಕೆಲಸ ಒಣದ್ರಾಕ್ಷಿ ಹರಾಜಿನಲ್ಲಿ ಸವಾಲು ಕೂಗುವುದು. ಕೂಗಿ ಕೂಗಿ ದನಿ ದೊಡ್ಡದಾಗಿದೆ, ಕಿವಿ ಸ್ವಲ್ಪ ಸಣ್ಣದಾಗಿದೆ. ಗಾಂಧಿ ಚೌಕದ ಗದ್ದಲ ದಾಟಿ ಅಂಗಡಿ ಮುಟ್ಟುವಷ್ಟರಲ್ಲಿ 'ಬಾಲ್' ಮರೆತು 'ಸ್ಕ್ವಾಶ್' ಮಾತ್ರ ಉಳಿದಿತ್ತು. ನಿಂತದ್ದು ದೊಡ್ಡದೊಂದು ಕಿರಾಣಿ ಅಂಗಡಿಯ ಮುಂದೆ.

"ಸ್ಕ್ವಾಶ್ ಐತೇನ್ರಿ?"

"ಐತ್ರಿ. ಮಾವಿಂದೋ, ನಿಂಬೀದೋ?"

ಅಪ್ಪನಿಗೆ ಸರ್ ಹೇಳಿದ ಅಳತೆ ನೆನಪಿತ್ತು. ಅಂಗಡಿಯವನಿಗೂ ಆಟ ಗೊತ್ತಿದೆ ಎಂದು ಖುಷಿಯಾಗಿ, "ಮಾವಿನಕಾಯಿಯಷ್ಟು ದೊಡ್ಡದು ಬ್ಯಾಡ್ರಿ, ಹುಡಿಗಿ ಇನ್ನಾ ಸಣ್ಣಾಕಿ ಅದಾಳ. ನಿಂಬೀದ ಕೊಡ್ರಿ" ಎಂದ.

ಅಂಗಡಿಯವನು ಅಪ್ಪನ ಮುಖ ಒಮ್ಮೆ ನೋಡಿ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಅಪ್ಪ ಅದನ್ನು ಬಿಚ್ಚಿ ನೋಡದೆ ಸೀದಾ ಸರ್ ಕೈಗೆ ಒಪ್ಪಿಸಿದ. ಸರ್ ಬಿಚ್ಚಿದರು. ನಿಂಬೆ ಸ್ಕ್ವಾಶ್, ಅಂದರೆ ಶರಬತ್ತಿನ ಬಾಟಲಿ. ಮಿಲಿಟರಿಯವರು, ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ತಂಪ ಮಾಡಿ ಇಡ್ರಿ. ಆಡಿದ ಮ್ಯಾಲ ಬೇಕಾಗ್ತೈತಿ" ಎಂದರು.

ಕಾವಿಗೆ ಇಟ್ಟ ಚೆಂಡು

ಕೊನೆಗೆ ಚೆಂಡನ್ನು ಸರ್ ಅವರೇ ಬೇರೆ ಊರಿನಿಂದ ತರಿಸಿದರು. ಅಪ್ಪ ಅದನ್ನು ನೆಲಕ್ಕೆ ಬಿಟ್ಟು ನೋಡಿದ. ರೊಟ್ಟಿ ಹಿಟ್ಟಿನ ಉಂಡೆ ಬಿದ್ದ ಹಾಗೆ ತಪ್ ಎಂದು ಬಿದ್ದು ಅಲ್ಲೇ ಕೂತಿತು. "ಸರ್, ಇದು ಸತ್ತೈತ್ರಿ, ವಾಪಸ್ ಕಳಸ್ರಿ" ಎಂದ. ಸತ್ತಿರಲಿಲ್ಲ. ಸ್ಕ್ವಾಶ್ ಚೆಂಡಿನ ಗುಣವೇ ಅದು. ತಣ್ಣಗಿದ್ದರೆ ಪುಟಿಯುವುದಿಲ್ಲ. ಗೋಡೆಗೆ ಹೊಡೆದು ಹೊಡೆದು ಬಿಸಿ ಮಾಡಿದರೆ ಮಾತ್ರ ಜೀವ ಬರುತ್ತದೆ.

ದೀಪಾವಳಿ ಸೂಟಿಗೆ ಬಬಲೇಶ್ವರಕ್ಕೆ ಹೋದಾಗ ಇದನ್ನು ಆಯಿಗೂ ಹೇಳಿದೆ. ಬೆಳಗಿನ ಥಂಡಿಯಲ್ಲಿ ಚೆಂಡು ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ದನದ ಕೊಟ್ಟಿಗೆಯ ಗೋಡೆಗೆ ಬಡಿಯುತ್ತಲೇ ಇದ್ದರೆ ಆಯಿಗೆ ಪಾಪ ಎನಿಸುತ್ತಿತ್ತು. ಮೊದಲು ಚೆಂಡನ್ನು ತನ್ನ ಎಲೆ ಅಡಿಕೆ ಸಂಚಿಯಲ್ಲಿಟ್ಟು ನಡುವಿಗೆ ಸಿಕ್ಕಿಸಿಕೊಂಡು ನೋಡಿದಳು. ಬಿಸಿ ಸಾಲಲಿಲ್ಲ, ತಂಬಾಕಿನ ವಾಸನೆ ಮಾತ್ರ ಬಂತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಚೆಂಡೇ ಇಲ್ಲ.

"ಆಯಿ, ನನ್ನ ಚೆಂಡ ಎಲ್ಲೈತಿ?"

"ಕಾವಿಗೆ ಇಟ್ಟೇನಿ" ಎಂದಳು ಆಯಿ, ಒಲೆ ಮುಂದಿನಿಂದ ಏಳದೆ.

ಕೊಟ್ಟಿಗೆ ಮೂಲೆಯ ಬುಟ್ಟಿಯಲ್ಲಿ ಕೋಳಿ ತತ್ತಿಗಳ ಮೇಲೆ ಕೂತಿತ್ತು. ತತ್ತಿಗಳ ನಡುವೆ ನನ್ನ ಕರಿ ಚೆಂಡು. ಕೈ ಹಾಕಿದ್ದೇ ತಡ, ಕೋಳಿ ಕುಕ್ಕಿತು. ಚೆಂಡು ಹಿಡಿದು ಓಡಿದೆ. ಅದು ಅಂಗಳದ ತುಂಬ ನನ್ನ ಬೆನ್ನು ಹತ್ತಿತು. ಸ್ಕ್ವಾಶಿನಲ್ಲಿ ಕಾಲು ಚುರುಕಾಗಿರಬೇಕು ಎಂದು ಸರ್ ಯಾವಾಗಲೂ ಹೇಳುತ್ತಿದ್ದರು. ನನ್ನ ಕಾಲು ಚುರುಕಾದದ್ದು ಆ ಸೂಟಿಯಲ್ಲಿ. ಆದರೆ ಆಯಿಯ ಉಪಾಯ ಸುಳ್ಳಾಗಲಿಲ್ಲ. ಚೆಂಡು ಬೆಚ್ಚಗೆ, ಮೆತ್ತಗೆ, ಮೊದಲ ಹೊಡೆತಕ್ಕೇ ಪುಟಿಯುತ್ತಿತ್ತು.

ಸೂಟಿ ಮುಗಿಸಿ ಚೆಂಡು ತೆಗೆದುಕೊಂಡು ಊರಿಗೆ ಬಂದೆ. ಆ ಸಂಜೆಯೇ ಆಯಿಯ ಫೋನ್ ಬಂತು.

"ಲೇ, ಆ ಚೆಂಡ ವಾಪಸ್ ಕಳಸು. ಕೋಳಿ ಬುಟ್ಟಿ ಬಿಟ್ಟ ಎದ್ದೈತಿ, ತನ್ನ ಕರಿ ತತ್ತಿ ಯಾರೋ ಕದ್ದಾರಂತ ಓಣಿ ತುಂಬ ಹುಡಕಾಕತ್ತೇತಿ!"

ಇವತ್ತ ಭಾಳ ಛಲೋ ಆಡೀರಿ

ನಮ್ಮ ಊರಿನ ಒಂದು ಹಳೇ ಕ್ಲಬ್ಬಿನ ಹಿಂದುಗಡೆ ಒಂದು ಸ್ಕ್ವಾಶ್ ಕೋರ್ಟ್ ಇತ್ತು. ಯಾವ ಕಾಲದಲ್ಲಿ ಯಾರು ಕಟ್ಟಿಸಿದರೋ, ನಾವು ಹೋದಾಗ ಅದರ ತುಂಬ ಮದುವೆಯ ಕುರ್ಚಿ, ಅಡುಗೆ ಹಂಡೆ. ಸರ್ ಕ್ಲಬ್ಬಿನವರ ಕೈಕಾಲು ಹಿಡಿದು ಅದನ್ನು ಖಾಲಿ ಮಾಡಿಸಿದರು. ಸುಣ್ಣ ಹೊಡೆದದ್ದು ನಾನು ಮತ್ತು ಅಪ್ಪ.

ಸ್ಕ್ವಾಶ್ ಕೋರ್ಟಿನ ಬಾಗಿಲಿಗೆ ಒಳಗಡೆ ಹಿಡಿಕೆ, ಚಿಲಕ ಏನೂ ಇರುವುದಿಲ್ಲ. ಚೆಂಡಿಗೆ ಅಡ್ಡ ಬರುತ್ತದೆಂದು ಎಲ್ಲವೂ ಹೊರಗೆ. ಕ್ಲಬ್ಬಿನ ವಾಚ್‌ಮನ್ ಬಹಳ ನಿಷ್ಠೆಯ ಮನುಷ್ಯ. ಚಿಲಕ ಬಿಚ್ಚಿದ್ದು ಕಂಡರೆ ಹಾಕದೆ ಮುಂದೆ ಹೋಗಲಾರ. ಒಂದು ಮಧ್ಯಾಹ್ನ ನಾನು, ಸರ್ ಒಳಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಸದ್ದಿಲ್ಲದೆ ಕೂತಿದ್ದೆವು. ಹೊರಗೆ ಚಿಲಕ ಬಿದ್ದ ಸಪ್ಪಳ ಕೇಳಿಸಿತು. ಇಬ್ಬರ ಮೊಬೈಲೂ ಹೊರಗೆ ಚೀಲದಲ್ಲಿ.

ನಾನು ಗಾಬರಿಯಾಗಿ ಕೂಗಿದೆ. ನನ್ನ ಕೂಗು ನಾಲ್ಕು ಗೋಡೆಗೆ ಬಡಿದು ನನ್ನ ಕಿವಿಗೇ ವಾಪಸ್ ಬಂತು. ಸರ್ ಶಾಂತವಾಗಿ ಹೇಳಿದರು: "ಒದರಬ್ಯಾಡ, ಗಂಟಲ ಹೋಗ್ತೈತಿ. ರ‍್ಯಾಕೆಟ್ ತಗೊಂಡ ಬಾಗಲಾ ಬಡಿ. ಒಂದ್ ತಾಳದಾಗ ಬಡಿ, ಅಂದ್ರ ಯಾರೋ ಒಳಗ ಅದಾರಂತ ಗೊತ್ತಾಗ್ತೈತಿ."

ಬಡಿದೆ. ಸಾಕಾದಾಗ ಸರ್ ಬಡಿದರು. ಅವರಿಗೆ ಸಾಕಾದಾಗ ಮತ್ತೆ ನಾನು. ಹೀಗೆ ಸರದಿಯಂತೆ, ಒಂದೇ ತಾಳದಲ್ಲಿ, ಬೆವರು ಹರಿಯುವ ತನಕ ಬಡಿದೆವು. ಚಹಾದ ಹೊತ್ತಿಗೆ ಬಾಗಿಲು ತೆರೆಯಿತು. ವಾಚ್‌ಮನ್ ನಗುತ್ತ ನಿಂತಿದ್ದ.

ಸರ್ ಮುಖ ಕೆಂಪಾಗಿತ್ತು. "ಅಷ್ಟ್ ಹೊತ್ತಿಂದ ಬಡ್ಯಾಕತ್ತೇವಿ, ಕೇಳಲಿಲ್ಲೇನೋ ನಿನಗ?"

"ಕೇಳತಿತ್ರಿ ಸರ್!" ಎಂದ ಆತ. "ಅಲ್ಲೇ ಗಿಡದ ಬುಡಕ ಕುಂತ ಕೇಳಾಕತ್ತಿದ್ದೆ. ಇವತ್ತ ಭಾಳ ಛಲೋ ಆಡೀರಿ. ಚೆಂಡ ಒಮ್ಮಿನೂ ತಪ್ಪಿಲ್ಲ!"

ತಲಿದಿಂಬಿನ ಕಡೆ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆಚೆ ಕಡೆ ಒಬ್ಬ ರಿಟಾಯರ್ಡ್ ಹೆಡ್ ಮಾಸ್ತರರು. ಮಧ್ಯಾಹ್ನ ಊಟವಾದ ಮೇಲೆ ಅವರು ಮಲಗುವ ಹೊತ್ತಿಗೆ ಆ ಗೋಡೆಗೆ ನನ್ನ ಅಭ್ಯಾಸ ಶುರುವಾಗುತ್ತಿತ್ತು. ಟಕ್ ಎಂದರೆ ಆಚೆಯಿಂದ "ಯಾರ್ರೀ?" ಮತ್ತೆ ಟಕ್. "ಬಂದೆ, ಬಂದೆ." ಪಾಪ, ಎದ್ದು ಬಂದು ಬಾಗಿಲು ತೆರೆದು ಬೀದಿಯ ಎರಡೂ ಕಡೆ ನೋಡಿ ಹೋಗುತ್ತಿದ್ದರು.

ಕೊನೆಗೆ ತಿಳಿಯಿತು. ಮನೆಗೆ ಬಂದು ಅವ್ವನ ಮುಂದೆ ದೂರು ಹೇಳಿದರು. ಅವ್ವನಿಗೆ ಬೇಕಾದದ್ದೂ ಅದೇ. ಓದು ಬಿಟ್ಟು ಗೋಡೆ ಬಡಿಯುವ ಮಗಳನ್ನು ಕಂಡರೆ ಆಕೆಗೆ ಮೊದಲೇ ಕಸಿವಿಸಿ. "ನೀವ ಬುದ್ಧಿ ಹೇಳ್ರಿ ಮಾಸ್ತರ, ನಿಮ್ಮ ಮಾತರ ಕೇಳತಾಳೇನೋ ನೋಡೂಣು" ಎಂದು ಅವರಿಗೆ ಚಹಾ ಮಾಡಿ ಕೊಟ್ಟಳು. ಬೈಸಿಕೊಂಡು ನಾನು ಬಡಿಯುವುದನ್ನು ಮೆತ್ತಗೆ ಮಾಡಿದೆ, ಬಿಡಲಿಲ್ಲ.

ಆಮೇಲೆ ತರಬೇತಿ ಶಿಬಿರಕ್ಕೆಂದು ಪುಣೆಗೆ ಹೋಗಿ ಕೆಲವು ವಾರ ಇದ್ದು ಬಂದೆ. ಬಂದ ದಿನವೇ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಕಣ್ಣ ಕೆಳಗೆ ಕಪ್ಪು. ಅವ್ವ ಹೆದರಿ, "ಇನ್ನಾ ಚೆಂಡ ಮುಟ್ಟಿಲ್ರಿ ಆಕಿ" ಎಂದಳು.

"ಅದಕ್ಕ ಬಂದೇನ್ರಿ" ಎಂದರು ಮಾಸ್ತರರು. "ಆಕಿ ಊರಿಗೆ ಹೋದಾಗಿಂದ ಮಧ್ಯಾಹ್ನದ ನಿದ್ದಿ ಹತ್ತವಲ್ದು. ಲಗೂನ ಶುರು ಮಾಡಾಕ ಹೇಳ್ರಿ. ಮತ್ತ... ಆ ಮೂಲ್ಯಾಗ ಬ್ಯಾಡ, ಸ್ವಲ್ಪ ನನ್ನ ತಲಿದಿಂಬಿನ ಕಡೆ ಬಡಿಯಾಕ ಹೇಳ್ರಿ."

ಎಲ್ಲಿ ಲೇಟ್ರೀ?

ನನ್ನ ಮೊದಲ ದೊಡ್ಡ ಪಂದ್ಯಾವಳಿಯೂ ಪುಣೆಯಲ್ಲೇ. ಜೊತೆಗೆ ಅಪ್ಪ ಬಂದಿದ್ದ. ಅಲ್ಲಿಯ ಕೋರ್ಟಿಗೆ ಹಿಂದಿನ ಗೋಡೆ ಗಾಜಿನದು, ಅದರ ಹಿಂದೆ ಜನ ಕೂರುವ ಮೆಟ್ಟಿಲು. ಅಪ್ಪ ಮೊದಲ ಸಾಲಿನಲ್ಲಿ ಕೂತ. ಸುತ್ತಲೂ ಇಂಗ್ಲಿಷ್ ಪಿಸುಗುಟ್ಟುವ ತಾಯಿ ತಂದೆಯರು.

ಸ್ಕ್ವಾಶಿನಲ್ಲಿ ಒಂದು ನಿಯಮವಿದೆ. ಎದುರಾಳಿ ದಾರಿಗೆ ಅಡ್ಡ ಬಂದರೆ ಆಟ ನಿಲ್ಲಿಸಿ ರೆಫರಿಯನ್ನು 'ಲೆಟ್ ಪ್ಲೀಸ್' ಎಂದು ಕೇಳಬೇಕು. ಆತ ಒಪ್ಪಿದರೆ ಆ ಪಾಯಿಂಟನ್ನು ಮತ್ತೊಮ್ಮೆ ಆಡಬೇಕು. ನನ್ನ ಎದುರಾಳಿ ಮುಂಬೈಯ ಹುಡುಗಿ. ಮಾತು ಮಾತಿಗೆ ನನ್ನ ಕಡೆ ಕೈ ತೋರಿಸಿ "ಲೆಟ್ ಪ್ಲೀಸ್" ಎನ್ನುತ್ತಿದ್ದಳು.

ಅಪ್ಪ ಎರಡು ಮೂರು ಸಲ ತಡೆದುಕೊಂಡ. ಆಮೇಲೆ ಎದ್ದು ನಿಂತ. ಸವಾಲು ಕೂಗುವ ದನಿ, ಗಾಜು ಅದುರಿತು.

"ಎಲ್ಲಿ ಲೇಟ್ರೀ? ಆಕಿ ಹೇಳ್ತಾಳಂತ ನೀವು ಬರಕೊಳ್ಳಾಕತ್ತೀರೇನು? ಒಂದ್ ತಾಸ್ ಮೊದಲ ಬಂದ ಕುಂತೇವಿ ನಾವು!"

ರೆಫರಿಗೆ ಕನ್ನಡ ಬಾರದು. ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಬಾಯಿಮಾತು ಬೇಡ, ಸಾಕ್ಷಿ ತೋರಿಸು ಎನ್ನುತ್ತಿದ್ದಾರೆಂದು ಅಪ್ಪ ತಿಳಿದು, ಕಿಸೆಯಿಂದ ರೈಲಿನ ಟಿಕೇಟು ತೆಗೆದು ಎತ್ತಿ ಹಿಡಿದ. "ನೋಡ್ರಿ, ಇದ ನೋಡ್ರಿ! ಸ್ಟೇಷನ್ನಿಂದ ಸೀದಾ ಇಲ್ಲೇ ಬಂದೇವಿ, ಚಹಾ ಸುದ್ದಾ ಕುಡಿದಿಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಮುಂಬೈ ಹುಡುಗಿ ಏನಾಯಿತೆಂದು ಕೇಳಿದಳು. ಹಿಂದಿಯಲ್ಲಿ ಹೇಳಿದೆ. ನನ್ನ ನಗು ಸ್ವಲ್ಪ ಹೊತ್ತಿಗೆ ನಿಂತಿತು, ಆಕೆಯದು ನಿಲ್ಲಲಿಲ್ಲ. ಬಾಯಿ ತೆರೆದು 'ಲೆಟ್' ಎನ್ನಲು ಹೋದರೆ ಸಾಕು, ಅಪ್ಪನ ಕಡೆ ಕಣ್ಣು ಹೋಗಿ ನಗು ಉಕ್ಕಿ ಚೆಂಡು ಎಲ್ಲೋ ಹೋಗುತ್ತಿತ್ತು. ಆ ಪಂದ್ಯ ನಾನು ಗೆದ್ದೆ.

ಊರಿಗೆ ಬಂದು ಅಪ್ಪ ಎಲ್ಲರಿಗೂ ಹೇಳಿದ: "ಆಕಿ ಆಡಿದ್ದು ಆಡಿದ್ಲು ಬಿಡ್ರಿ. ನಾ ಟಿಕೀಟ್ ಇಟಗೊಂಡಿದ್ದಕ್ಕ ಉಳದೇವಿ."

ಸ್ಕ್ವಾಡ್

ತಿಕೋಟಾ ನನ್ನಪ್ಪನ ಊರು. ರಾಷ್ಟ್ರಮಟ್ಟದಲ್ಲಿ ನನಗೊಂದು ಪದಕ ಬಂದಾಗ ಅಪ್ಪನ ಗೆಳೆಯರು ಸೇರಿ ಅಲ್ಲಿ ಸತ್ಕಾರ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಫೋಟೋದ ದೊಡ್ಡ ಫ್ಲೆಕ್ಸ್. ಫ್ಲೆಕ್ಸ್ ಮಾಡುವವನಿಗೆ ಸ್ಕ್ವಾಶ್ ಎಂಬ ಪದ ತಪ್ಪು ಎನಿಸಿರಬೇಕು, ತಾನೇ ತಿದ್ದಿದ್ದ. 'ತಿಕೋಟಾದ ಹೆಮ್ಮೆಯ ಮಗಳು, ರಾಷ್ಟ್ರಮಟ್ಟದ ಸ್ಕ್ವಾಡ್ ಪದಕ ವಿಜೇತೆ' ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದ.

ಶಾಲು, ಹಾರ, ಭಾಷಣ ಮುಗಿದವು. ಒಬ್ಬ ಅಜ್ಜ ಜನ ಕರಗುವ ತನಕ ಕಾದಿದ್ದು ನನ್ನ ಹತ್ತಿರ ಬಂದು ಕೈಮುಗಿದ.

"ಮೇಡಮ್ಮರ, ನಮ್ಮ ಬಾವಿ ಮೋಟರಿನ ಕೇಬಲ್ ಕದ್ದಾರ್ರಿ. ದ್ರಾಕ್ಷಿ ಪಡಾಕ ನೀರಿಲ್ಲ. ನೀವರ ಮನಸ್ ಮಾಡ್ರಿ."

"ಅಜ್ಜಾರ, ನಾ ಪೊಲೀಸ ಅಲ್ರಿ. ನಾ ಆಟ ಆಡಾಕಿ."

ಅಜ್ಜ ನನ್ನ ಹೆಗಲಿನ ಉದ್ದನೆಯ ಕರಿ ರ‍್ಯಾಕೆಟ್ ಚೀಲವನ್ನು ಒಮ್ಮೆ ನೋಡಿದ. ಆಮೇಲೆ ದನಿ ಇಳಿಸಿ, "ಹಂಗ ಅನಬೇಕ್ರಿ ನೀವು. ನಿಮ್ಮ ಡ್ಯೂಟಿ ಅಂಥಾದ್ದ ಇರ್ತೈತಿ" ಎಂದು ಕಣ್ಣು ಮಿಟುಕಿಸಿ ಹೊರಟುಹೋದ.

ನನಗೆ ಬಹಳ ಕೆಟ್ಟದೆನಿಸಿತು. ನೀರಿಲ್ಲದ ದ್ರಾಕ್ಷಿ ತೋಟ, ನಂಬಿಕೊಂಡು ಹೋದ ಮುದುಕ. ಮರುದಿನ ಅಪ್ಪನಿಗೆ ಆ ಅಜ್ಜನ ಫೋನ್ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಕೇಬಲ್ ಪೂರ್ತಿ, ಸುರುಳಿ ಸುತ್ತಿ, ಬಾವಿಯ ದಂಡೆಯ ಮೇಲೆ ಇತ್ತಂತೆ.

ಕಳ್ಳರೂ ಫ್ಲೆಕ್ಸ್ ಓದಿದ್ದರು.

ಗೆದ್ದಾಕಿ ಯಾರು?

ಡಿಗ್ರಿ ಮುಗಿಸಿ ವೃತ್ತಿಪರ ಆಟಗಾರ್ತಿಯಾದೆ. ಹೇಳಲು ದೊಡ್ಡ ಮಾತು. ಮೊದಮೊದಲು ಆದದ್ದು ಇಷ್ಟೇ: ಎಲ್ಲಿಗೋ ದೂರ ಹೋಗುವುದು, ಮೊದಲ ಸುತ್ತಿನಲ್ಲೇ ಸೋಲುವುದು, ಮರುದಿನ ವಾಪಸ್ ಹೊರಡುವುದು. ಪ್ರತಿ ಸಲ ಚೀಲ ಇಳಿಸುವಾಗ ಅವ್ವ, "ಬಿ.ಎಡ್. ಮಾಡಿಬಿಡವಾ, ಸಾಲ್ಯಾಗ ಕೆಲಸ ಸಿಗತೈತಿ. ಆಡೋದಾದ್ರ ಅಲ್ಲೂ ಗೋಡಿ ಇರ್ತಾವ" ಎನ್ನುತ್ತಿದ್ದಳು. ಮಲೇಶಿಯಾದ ಒಂದು ಪಂದ್ಯಾವಳಿಗೆ ಹೊರಟಾಗ ನಾನೇ ಅವ್ವನಿಗೆ ಮಾತು ಕೊಟ್ಟೆ: "ಇದರಾಗೂ ಮೊದಲನೇದ ಸೋತ್ರ ಬಂದ ಬಿ.ಎಡ್. ಸೇರತೀನಿ."

ಆ ಪಂದ್ಯ ಮೊಬೈಲಿನಲ್ಲಿ ನೇರವಾಗಿ ಬರುತ್ತಿತ್ತು. ಬಬಲೇಶ್ವರದಲ್ಲಿ ನನ್ನ ಸೋದರಮಾವ ಊರಿನ ಫೋಟೋಗ್ರಾಫರನ ಪ್ರೊಜೆಕ್ಟರ್ ತಂದು, ಪಡಸಾಲೆಯ ಕಿಟಕಿಗಳಿಗೆ ಕೌದಿ ಕಟ್ಟಿ ಕತ್ತಲು ಮಾಡಿ, ಗೋಡೆಯ ಮೇಲೆ ಚಿತ್ರ ಬಿಟ್ಟ. ಅವ್ವ, ಅಪ್ಪ, ಆಯಿ, ಅರ್ಧ ಓಣಿ ಎಲ್ಲರೂ ಸೇರಿದರು. ಚಿತ್ರ ಮಸುಕು. ಹೆಸರು, ಪಾಯಿಂಟು ತೋರಿಸುವ ಕೆಳಗಿನ ಪಟ್ಟಿ ಗೋಡೆಗೆ ಸಾಲದೆ ಜೋಳದ ಚೀಲಗಳ ಮೇಲೆ ಬಿದ್ದಿತ್ತು. ಕ್ಯಾಮೆರಾ ಹಿಂದಿನಿಂದ, ಹಾಗಾಗಿ ಇಬ್ಬರದೂ ಬೆನ್ನೇ ಕಾಣುತ್ತಿತ್ತು. ನನ್ನ ಎದುರಾಳಿ ಶ್ರೀಲಂಕಾದವಳು. ಆಕೆಗೂ ನನ್ನಷ್ಟೇ ಉದ್ದ ಜಡೆ.

ಕೊನೆಯ ಗೇಮಿನ ತನಕ ಹೋಗಿ ಸೋತೆ. ಅಷ್ಟು ಹತ್ತಿರ ಬಂದು ಸೋತದ್ದಕ್ಕೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಬಹಳ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು, ಬಿ.ಎಡ್.ಗೆ ಒಪ್ಪಿದೆ ಎಂದು ಹೇಳಲು ಅವ್ವನಿಗೆ ಫೋನ್ ಮಾಡಿದೆ. ಫೋನ್ ಎತ್ತಿದವಳು ಆಯಿ. ಹಿಂದೆ ಢಮ್ ಢಮ್ ಎಂದು ಸಪ್ಪಳ.

"ಗೆದ್ದೆವ್ವಾ! ಗೆದ್ದ ಬಿಟ್ಟಿ ನನ್ನ ಮಗಳ! ನಿಮ್ಮ ಮಾಮಾ ಪಟಾಕಿ ಸರಾ ಹಚ್ಚ್ಯಾನ ನೋಡು! ಎಲ್ಲಾರೂ ಯಾರ್ ನಮ್ಮಾಕಿ, ಯಾರ್ ನಮ್ಮಾಕಿ ಅನ್ನಾಕತ್ತಿದ್ರು. ನಾ ಜಡಿ ನೋಡೇ ಗುರ್ತ ಹಿಡದ್ನಿ!"

"ಆಯಿ, ನಾ ಸೋತೆ."

"ಏನ್? ಪಟಾಕಿ ಸಪ್ಪಳದಾಗ ಕೇಳವಲ್ದು, ಜೋರ್ ಹೇಳು!"

"ನಾ ಸೋತೇನಿ!" ಎಂದು ಕೋಣೆ ತುಂಬ ಕಿರುಚಿದೆ. ಅಷ್ಟರಲ್ಲಿ ಪಟಾಕಿ ಸರ ಮುಗಿದಿತ್ತು. ನಾನು ಕಿರುಚಿದ್ದು ಇಡೀ ಪಡಸಾಲೆಗೆ ಕೇಳಿಸಿತು.

ಮೊದಲು ಮಾತಾಡಿದ್ದು ಆಯಿ. "ಹಂಗಾರ ಗೆದ್ದಾಕಿ ಯಾರು?"

"ಶ್ರೀಲಂಕಾದಾಕಿ."

"ಯಾರ ಮಗಳರ ಇರ್ಲಿ" ಎಂದಳು ಆಯಿ, "ಭಾಳ ಛಲೋ ಆಡಿದ್ಲಬೇ. ನಾ ಆಕಿಗೆ ಎಷ್ಟ್ ಹರಕಿ ಹೊತ್ತೇನಿ!"

ಅವ್ವ ಫೋನ್ ಕಸಿದುಕೊಂಡಳು. ನಾನು ಬಿ.ಎಡ್. ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡೆ. ಅವ್ವ ಹೊರಗೆ ಬಂದು ದನಿ ತಗ್ಗಿಸಿ ಕೇಳಿದಳು: "ಮುಂದಿಂದು ಯಾವಾಗೈತಿ?"

"ಬಿ.ಎಡ್. ಅಂದಿದ್ದೆಲ್ಲಬೇ?"

"ಅದ ಎಲ್ಲೂ ಓಡಿ ಹೋಗಂಗಿಲ್ಲ. ನಿಮ್ಮ ಮಾಮಾ ಆಗಲೇ ಓಣಿ ಮಂದಿಗೆಲ್ಲ ಪೇಢೆ ಹಂಚ್ಯಾನ. ತಿಂದ ಕೈ ಸುದ್ದಾ ತೊಳಕೊಂಡಾರ. ಈಗ ಅವರ ಮುಂದ ಏನಂತ ಹೇಳ್ಲಿ? ಸುಮ್ನ ಹೋಗಿ ಒಂದರ ಗೆದ್ದ ಬಾ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಕ್ಕೆ. ಗೆದ್ದ ಹುಡುಗಿ ಅದೇ ಕೋಣೆಯಲ್ಲಿ ಬೂಟು ಬಿಚ್ಚುತ್ತಿದ್ದಳು. ತನ್ನ ಗೆಲುವಿಗೆ ಬಬಲೇಶ್ವರದಲ್ಲಿ ಪಟಾಕಿ ಹಾರಿದ್ದು ಕೇಳಿ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕಳು. ಆಕೆಯ ಊರಲ್ಲಿ ಯಾರೂ ಹಾರಿಸಿರಲಿಲ್ಲವಂತೆ.

ಪೇಢೆ ತಿಂದ ಜನರ ಭಯವೋ ಏನೋ, ಮುಂದಿನ ಪಂದ್ಯಾವಳಿಯಲ್ಲಿ ಕಾಲಿಗೆ ಬೇರೆಯೇ ಜೀವ ಬಂದಿತ್ತು. ಮೊದಲ ಸುತ್ತು ಗೆದ್ದೆ. ಅದು ನನ್ನ ವೃತ್ತಿಯ ಮೊದಲ ಗೆಲುವು. ಕೋರ್ಟಿನ ಬಾಗಿಲಲ್ಲೇ ನಿಂತು ಬಬಲೇಶ್ವರಕ್ಕೆ ಫೋನ್ ಹಚ್ಚಿದೆ.

"ಆಯಿ! ನಾ ಗೆದ್ದೆ!"

ಆ ಕಡೆ ಯಾವ ಗದ್ದಲವೂ ಇಲ್ಲ.

"ಖರೇ ನೀನ ಗೆದ್ದೀಯೋ, ಇಲ್ಲಾ ಆ ಇನ್ನೊಬ್ಬಾಕಿ ಗೆದ್ದಾಳೋ? ಗಡಬಡಿ ಮಾಡಬ್ಯಾಡ. ನಿಮ್ಮ ಮಾಮಾ ಕಡ್ಡಿಪೆಟಗಿ ಹಿಡಕೊಂಡ ನಿಂತಾನ. ಅಲ್ಲೇ ಯಾರರ ದೊಡ್ಡಾವ್ರ ಇದ್ರ ಇನ್ನೊಮ್ಮಿ ನೆಟ್ಟಗ ಕೇಳ್ಕೊಂಡ ಬಾ."

ನಾನು ಹೋಗಿ ರೆಫರಿಯನ್ನು ಕೇಳಿಕೊಂಡು ಬಂದೆ.